ದೊಡ್ಡಮ್ಮನ ಜಾಣಗಿವುಡು

ನಮ್ಮ ಮನೆಯಲ್ಲಿ ದೊಡ್ಡಮ್ಮನ ಬಗ್ಗೆ ಎಲ್ಲರೂ ಒಪ್ಪಿಕೊಂಡಿದ್ದ ಮಾತು ಒಂದೇ: 'ಅವಳಿಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ.' ಗೇಟು ಸದ್ದಾದರೆ ಕೇಳಿಸುತ್ತದೆ. ದೊಡ್ಡಪ್ಪ ಜಗಲಿಯಲ್ಲಿ ಕೆಮ್ಮಿದರೆ ಕೇಳಿಸುತ್ತದೆ. ಬೀದಿಯಲ್ಲಿ ಲಾರಿ ಬಂದರೆ ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಆದರೆ ಮೊಮ್ಮಗಳು ಪಕ್ಕದಲ್ಲೇ ಕೂತು 'ಅಜ್ಜಿ, ಸಾಸಿವೆ ಎಲ್ಲಿ?' ಅಂದರೆ ಕೇಳಿಸುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಪದವೇ ಇದೆ, ಜಾಣಗಿವುಡು. ಶಿಡ್ಲಘಟ್ಟದ ರೇಷ್ಮೆ ಹುರಿ ಮಿಷಿನ್ನುಗಳ ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ಹೆಂಗಸನ್ನು ನಾವೆಲ್ಲ ಸೇರಿ ಆ ಪದದೊಳಗೆ ಕೂಡಿಹಾಕಿದ್ದೆವು. ಅದರಲ್ಲಿ ನಾನೂ ಇದ್ದೆ.

ಆ ಪದದ ಮೇಲೆ ನನಗೆ ಅನುಮಾನ ಹುಟ್ಟಿಸಿದ್ದು ಒಂದು ಜೊತೆ ಇಯರ್‌ಬಡ್. ನನ್ನ ಸಂಶೋಧನೆ ತತ್ವಪದಗಳ ಹಾಡಿಕೆಯ ಮೇಲೆ. ಹಳ್ಳಿಗಳಲ್ಲಿ ದಾಖಲಿಸಿಕೊಂಡ ಹಾಡುಗಳನ್ನು ಗಂಟೆಗಟ್ಟಲೆ ಕೇಳಿ ಬರೆದುಕೊಳ್ಳಬೇಕು. ಅದಕ್ಕಾಗಿ ಕೊಂಡ ಇಯರ್‌ಬಡ್ಡಿನ ಆ್ಯಪ್‌ನಲ್ಲಿ ಒಂದು ಪರೀಕ್ಷೆ ಇತ್ತು. ಒಂದೊಂದು ಕಿವಿಗೂ ಬೇರೆ ಬೇರೆ ಎತ್ತರದ ಪೀಪಿ ಸದ್ದುಗಳನ್ನು ಕೊಡುತ್ತದೆ. ಕೇಳಿಸಿದಾಗ ಪರದೆ ಮುಟ್ಟಬೇಕು. ಕೊನೆಗೆ ನಿಮ್ಮ ಕಿವಿಯ ಏರಿಳಿತಕ್ಕೆ ತಕ್ಕಂತೆ ಸದ್ದನ್ನು ಹೊಂದಿಸಿಕೊಡುತ್ತದೆ. ನನ್ನದಾದ ಮೇಲೆ, ಕುತೂಹಲಕ್ಕೆ, ದೊಡ್ಡಮ್ಮನ ಕಿವಿಗೂ ಇಟ್ಟೆ. ತಗ್ಗಿನ ಸದ್ದುಗಳಿಗೆ ಅವರು ಪಟಪಟ ಬೆರಳು ಮುಟ್ಟಿದರು. ಎತ್ತರದ ಸದ್ದು ಬಂದಾಗ ಪರದೆಯನ್ನೇ ನೋಡುತ್ತಾ ಕೂತರು. 'ನಿಂತೋಯ್ತಾ?' ಅಂದರು. ನಿಂತಿರಲಿಲ್ಲ.

ಈ ಬರಹ ಆ ಪರೀಕ್ಷೆಯನ್ನು ಒಂದು ಪಠ್ಯದಂತೆ ಓದುವ ಪ್ರಯತ್ನ. ಅದು ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂದು ನೋಡಬೇಕಿದೆ.

ಮೊದಲು ಅದು ಹೇಳುವುದನ್ನು ನೋಡೋಣ. ಕಿವಿಯ ಪರೀಕ್ಷೆಯ ನಕ್ಷೆಗೆ ಆಡಿಯೋಗ್ರಾಂ ಎನ್ನುತ್ತಾರೆ. ಎಡದಿಂದ ಬಲಕ್ಕೆ ಸದ್ದಿನ ಎತ್ತರ, ಸಾಮಾನ್ಯವಾಗಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ. ಮೇಲಿನಿಂದ ಕೆಳಕ್ಕೆ ಆ ಸದ್ದು ಕೇಳಿಸಲು ಬೇಕಾದ ಗಟ್ಟಿತನ, ಡೆಸಿಬೆಲ್‌ಗಳಲ್ಲಿ. ಗೆರೆ ಕೆಳಗಿಳಿದಷ್ಟೂ ಕೇಳ್ಮೆ ಕಡಿಮೆ. ವರ್ಷಗಟ್ಟಲೆ ಸದ್ದಿನಲ್ಲಿ ದುಡಿದವರ ನಕ್ಷೆಗೆ ಒಂದು ಗುರುತಿದೆ: ತಗ್ಗಿನ ಸದ್ದುಗಳಲ್ಲಿ ಗೆರೆ ನೆಟ್ಟಗೆ ಸಾಗಿ, 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಹಳ್ಳಕ್ಕೆ ಬಿದ್ದಂತೆ ಕುಸಿಯುತ್ತದೆ. ವಯಸ್ಸಿನ ಕಿವುಡು ಅದಕ್ಕೆ ಸೇರಿಕೊಂಡರೆ ಹಳ್ಳದ ಆಚೆಯ ದಡವೂ ಕುಸಿಯುತ್ತದೆ. ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ.

ಈ ನಕ್ಷೆಯನ್ನು ಕನ್ನಡದ ಮಾತಿನ ಮೇಲೆ ಇಟ್ಟು ನೋಡಿದರೆ ನಮ್ಮ ಮನೆಯ ಆರೋಪ ಕರಗುತ್ತದೆ. ಸ್ವರಗಳ ಬಲವೆಲ್ಲ ಬಹುಪಾಲು ತಗ್ಗಿನ ಮತ್ತು ಮಧ್ಯದ ಸದ್ದುಗಳಲ್ಲಿದೆ. ಸ, ಶಗಳ ಸುಯ್ಯೆನ್ನುವ ಸದ್ದು ಇರುವುದು ಆ ಹಳ್ಳದಲ್ಲಿ ಮತ್ತು ಅದರ ಆಚೆಗೆ. ಕ, ತ, ಪಗಳನ್ನು ಒಂದರಿಂದೊಂದು ಬೇರೆ ಮಾಡುವ ಸುಳಿವಿನ ಒಂದು ಪಾಲೂ ಎತ್ತರದ ಸದ್ದುಗಳಲ್ಲೇ ಇದೆ. ಹಾಗಾಗಿ ಇಂಥ ಕಿವಿಗೆ ಹಾಲು, ಸಾಲು, ಕಾಲು, ಪಾಲು ಇವುಗಳಲ್ಲಿ 'ಆಲು' ಎಂಬುದು ಚೆನ್ನಾಗಿಯೇ ಮುಟ್ಟುತ್ತದೆ. ಮೊದಲಿನ ವ್ಯಂಜನವನ್ನು ಊಹಿಸಿಕೊಳ್ಳಬೇಕು. ಹಾಲು ಕೇಳಿದರೋ ಸಾಲ ಕೇಳಿದರೋ ಎಂಬುದು ಮಾತಿನ ಸಂದರ್ಭ ನೋಡಿ ತಿಳಿಯಬೇಕಾದ ವಿಷಯವಾಗುತ್ತದೆ. ಗೇಟಿನ ಸದ್ದು, ಲಾರಿ, ದೊಡ್ಡಪ್ಪನ ಕೆಮ್ಮು, ಗಂಡಸಿನ ದಪ್ಪ ದನಿ ಎಲ್ಲವೂ ಹಳ್ಳದ ಈಚೆಗೆ ಇವೆ. ಪುಟ್ಟ ಹುಡುಗಿಯ ದನಿ, ಅದರಲ್ಲೂ 'ಸಾಸಿವೆ'ಯಂಥ ಮಾತು ಹಳ್ಳದೊಳಗೆ ಬೀಳುತ್ತದೆ. ದೊಡ್ಡಮ್ಮ ಬೇಕಾದ್ದನ್ನು ಆರಿಸಿಕೊಂಡು ಕೇಳುತ್ತಿರಲಿಲ್ಲ. ಆರಿಸಿದ್ದು ಹುರಿ ಮಿಷಿನ್ನು.

ಇನ್ನೊಂದು ಆರೋಪವೂ ಇತ್ತು. ಮೆಲ್ಲಗೆ ಹೇಳಿದರೆ 'ಏನು?' ಅನ್ನುತ್ತಾರೆ, ಗಟ್ಟಿಯಾಗಿ ಹೇಳಿದರೆ 'ಯಾಕಮ್ಮಾ ಅಂಗೆ ಕಿರುಚ್ತೀಯ?' ಅನ್ನುತ್ತಾರೆ. ಇದನ್ನು ನಾವು ಮುಂಗೋಪ ಎಂದುಕೊಂಡಿದ್ದೆವು. ಒಳಗಿವಿ ಕೆಟ್ಟವರಲ್ಲಿ ಕೇಳಿಸದ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವಿನ ಅಂತರ ಕಿರಿದಾಗುತ್ತದೆ. ಮೆಲ್ಲನೆಯದು ಮುಟ್ಟುವುದಿಲ್ಲ, ಸ್ವಲ್ಪ ಏರಿಸಿದರೆ ಚುಚ್ಚುತ್ತದೆ. ಒಳ್ಳೆಯ ಶ್ರವಣಸಾಧನ ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡದಿರುವುದು ಇದಕ್ಕಾಗಿಯೇ. ಕೆಟ್ಟಿರುವ ಎತ್ತರದಲ್ಲಿ ಮೆಲ್ಲನೆಯದನ್ನು ಹೆಚ್ಚು ಏರಿಸುತ್ತದೆ, ಗಟ್ಟಿಯಾದದ್ದನ್ನು ಕಡಿಮೆ ಏರಿಸುತ್ತದೆ. ಎಷ್ಟು ಏರಿಸಬೇಕು ಎಂಬುದಕ್ಕೆ 1940ರ ದಶಕದಿಂದ ಒಂದು ಸರಳ ಲೆಕ್ಕ ಬಳಕೆಗೆ ಬಂತು: ಕಳೆದುಹೋದದ್ದರ ಅರ್ಧದಷ್ಟು. 40 ಡೆಸಿಬೆಲ್ ಕಳೆದಿದ್ದರೆ ಸುಮಾರು 20 ಸೇರಿಸು. ಇಂದಿನ ಸೂತ್ರಗಳು ಇದಕ್ಕಿಂತ ನಾಜೂಕಾಗಿವೆ. ಕಿವಿಗೆ ತಕ್ಕಂತೆ ಹೊಂದಿಸುವ ಇಯರ್‌ಬಡ್‌ಗಳು ಮಾಡುವುದೂ ಇದೇ ಜಾತಿಯ ಲೆಕ್ಕವನ್ನು.

ಇಷ್ಟರ ಮಟ್ಟಿಗೆ ಈ ಪುಟ್ಟ ಸಾಧನಕ್ಕೆ ನಾನು ಋಣಿ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವ ವಿಮರ್ಶೆ ಸುಲಭ, ಆದರೆ ಅದು ನ್ಯಾಯವಲ್ಲ. ನಮ್ಮ ಕಾನೂನನ್ನೇ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದ ಶ್ರವಣ, 70 ದಾಟಿದರೆ ಕಿವುಡು. ತಗ್ಗಿನಲ್ಲಿ ಸರಿಯಿದ್ದು ಎತ್ತರದಲ್ಲಿ ಕುಸಿದ ಕಿವಿಯ ಸರಾಸರಿ ಈ ಅಳತೆಗೆ ಸುಲಭಕ್ಕೆ ಬರುವುದಿಲ್ಲ. ಅಂಥವರು ಕಾನೂನಿನ ಕಣ್ಣಿಗೆ ಕಿವುಡರಲ್ಲ, ಮನೆಯವರ ಕಣ್ಣಿಗೆ ಜಾಣಗಿವುಡರು. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಜಗತ್ತಿನ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣನಷ್ಟವಿದೆ ಎಂದಿತು. ಚಿಕಿತ್ಸೆ, ಸಾಧನಗಳ ನೆರವು ಬೇಕಾದವರು 43 ಕೋಟಿ. ಉಳಿದ ನೂರು ಕೋಟಿಗೂ ಹೆಚ್ಚು ಜನ ಇರುವುದು ದೊಡ್ಡಮ್ಮ ಇರುವಂಥ ನಡುವಿನ ಜಾಗದಲ್ಲಿ, ಇಲ್ಲವೇ ಅದರ ಆಸುಪಾಸಿನಲ್ಲಿ. ಅಮೆರಿಕ 2022ರ ಅಕ್ಟೋಬರ್‌ನಿಂದ ಅಲ್ಪ ಮತ್ತು ಮಧ್ಯಮ ನಷ್ಟವಿರುವ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಶ್ರವಣಸಾಧನ ಕೊಳ್ಳಲು ಬಿಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಏರ್‌ಪಾಡ್ಸ್ ಪ್ರೊ ಇಯರ್‌ಬಡ್ಡನ್ನು ಶ್ರವಣಸಾಧನವಾಗಿ ಮಾಡುವ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟಿತು.

ಅದೇ ವರ್ಷದ ಕೊನೆಗೆ ನಮ್ಮ ಬೆಂಗಳೂರಿನಲ್ಲಿ ನಡೆದ ಸಂಗತಿ ಹಲವರಿಗೆ ನೆನಪಿರಬಹುದು. ಅಜ್ಜಿಗೆಂದು ಕೊಂಡ ಏರ್‌ಪಾಡ್ಸ್‌ನಲ್ಲಿ ಈ ಸೌಲಭ್ಯ ಭಾರತದಲ್ಲಿ ತೆರೆಯಲಿಲ್ಲ. ಕೆಲವು ಯುವ ತಂತ್ರಜ್ಞರು ಹೊರಗಿನ ರೇಡಿಯೊ ಅಲೆ ಒಳಬರದಂತೆ ಒಂದು ಪೆಟ್ಟಿಗೆ ಮಾಡಿ, ಅದರೊಳಗೆ ಸಾಧನವನ್ನಿಟ್ಟು, ತಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ ಎಂದು ಅದಕ್ಕೆ ನಂಬಿಸಿ ಆ ಸೌಲಭ್ಯವನ್ನು ತೆರೆಸಿದರು. ಮೊಮ್ಮಕ್ಕಳ ಈ ಕಿತಾಪತಿಯನ್ನು ಓದಿ ನಾನು ಖುಷಿಪಟ್ಟೆ. ಆಮೇಲೆ ಒಂದು ಯೋಚನೆ ಬಂತು. ನೀನು ಎಲ್ಲಿದ್ದೀಯ ಎಂದು ಆ ಸಾಧನ ಕೇಳಿದ್ದು ಪರವಾನಗಿಗಾಗಿ ಮಾತ್ರ. ನಿನ್ನ ಕಿವಿ ಎಲ್ಲಿ ಹಾಳಾಯಿತು ಎಂದು ಅದು ಯಾರನ್ನೂ ಕೇಳುವುದಿಲ್ಲ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಈ ಆ್ಯಪ್‌ಗಳ ಭಾಷೆಯನ್ನು ಗಮನಿಸಿ. ನಿಮ್ಮ ಸದ್ದು, ನಿಮ್ಮ ಪ್ರೊಫೈಲ್, ನಿಮಗಾಗಿಯೇ ಹೊಂದಿಸಿದ್ದು. ಬಾಸ್ ಜಾಸ್ತಿ ಇರಲಿ ಎನ್ನುವ ಹುಡುಗನ ರುಚಿಯೂ, 4000 ಹರ್ಟ್ಸ್ ಸತ್ತುಹೋದ ಹೆಂಗಸಿನ ಗಾಯವೂ ಒಂದೇ ಪುಟದಲ್ಲಿ, ಒಂದೇ ಬಣ್ಣದ ವೃತ್ತವಾಗಿ ಮೂಡುತ್ತವೆ. 'ವೈಯಕ್ತಿಕ' ಎಂಬ ಪದ ಎರಡನ್ನೂ ಸಮ ಮಾಡುತ್ತದೆ. ಕಿವಿಗಳು ಬೇರೆ ಬೇರೆ ಎಂಬುದು ನಿಜ. ಆದರೆ ಶಿಡ್ಲಘಟ್ಟದಲ್ಲಿ ಹುರಿ ಮಿಷಿನ್ನಿನ ಸಾಲಿನಲ್ಲಿ ನಿಂತಿದ್ದ ಹತ್ತು ಹೆಂಗಸರ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಅವು ಎಷ್ಟು ವೈಯಕ್ತಿಕವಾಗಿ ಉಳಿಯುತ್ತವೆ? ಮಿಷಿನ್ನಿನ ತುಂಬ ಕದಿರುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಆ ಕೋಣೆಯಲ್ಲಿ ಪಕ್ಕದವಳ ಜೊತೆ ಮಾತಾಡಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ದೊಡ್ಡಮ್ಮ ಮತ್ತು ಅವರ ಜೊತೆಯವರು ಕೈಸನ್ನೆಯಲ್ಲೇ ಊಟದ ಹೊತ್ತು, ದಾರ ಕಡಿದ ಜಾಗ, ಮೇಸ್ತ್ರಿ ಬರುವ ಸುದ್ದಿ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಒಂದೇ ಸದ್ದು ಅವರೆಲ್ಲರ ಕಿವಿಗೆ ಬರೆದದ್ದನ್ನು ಆ್ಯಪ್ ಒಬ್ಬೊಬ್ಬರ ಪ್ರೊಫೈಲ್ ಎಂದು ಓದುತ್ತದೆ.

ನಕ್ಷೆಯ ಸೊನ್ನೆಯ ಕಥೆಯೂ ಇಂಥದ್ದೇ. ಸೊನ್ನೆ ಡೆಸಿಬೆಲ್ ಎಂದರೆ ಮೌನವಲ್ಲ. ಕಿವಿಯ ಕಾಯಿಲೆಯಿಲ್ಲದ, ಅತಿಯಾದ ಸದ್ದಿಗೆ ಸಿಕ್ಕದ, 18ರಿಂದ 25 ವಯಸ್ಸಿನ ಜನರ ಕಿವಿಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದಿನ ಮಧ್ಯಬಿಂದು ಅದು. ಅಂದರೆ ಅಳತೆಗೋಲಿನ ತುದಿಯಲ್ಲಿ ಕೂತಿರುವುದು ಮಿಷಿನ್ನಿನ ಮುಂದೆ ಎಂದೂ ನಿಲ್ಲದ ಒಬ್ಬ ಹರೆಯದ ವ್ಯಕ್ತಿ. ಆ ವ್ಯಕ್ತಿಯಿಂದ ನೀವು ಎಷ್ಟು ದೂರ ಇದ್ದೀರಿ ಎಂದು ನಕ್ಷೆ ಹೇಳುತ್ತದೆ. ಆ ದೂರವನ್ನು ಹೇಗೆ ನಡೆದಿರಿ ಎಂಬುದು ಅದರಲ್ಲಿಲ್ಲ. ಆದರೆ ಕಾನೂನಿನಲ್ಲಿ ಇದೆ. ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿ ಸದ್ದಿನಿಂದಾದ ಶ್ರವಣನಷ್ಟವನ್ನು ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಪರಿಹಾರದ ಕಾಯ್ದೆಯ ವೃತ್ತಿರೋಗಗಳ ಪಟ್ಟಿಯಲ್ಲೂ ಅದು ಇತ್ತು. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಎಂಬ ಮಿತಿಯೂ ಇದೆ. ಆದರೆ ಮನೆಯ ಮುಂಭಾಗದಲ್ಲಿ ನಾಲ್ಕು ಮಿಷಿನ್ನು ಹಾಕಿ ಆರೇಳು ಜನರಿಂದ ನಡೆಯುವ ಘಟಕ 'ಕಾರ್ಖಾನೆ' ಎಂಬ ವ್ಯಾಖ್ಯೆಯೊಳಗೇ ಬರುವುದಿಲ್ಲ. ಹೀಗೆ ವೃತ್ತಿರೋಗವಾಗಬೇಕಿದ್ದದ್ದು ಮೊದಲು ಜಾಣಗಿವುಡಾಯಿತು, ಈಗ ಪ್ರೊಫೈಲ್ ಆಗಿದೆ. ಎರಡು ಪದಗಳಲ್ಲೂ ಹೊಣೆ ಕಿವಿಯವಳದೇ.

ಎರಡನೆಯ ತಕರಾರು ಮಾತಿನದು. ಪೀಪಿ ಸದ್ದು ಕೇಳಿಸುವುದಕ್ಕೂ ಮಾತು ತಿಳಿಯುವುದಕ್ಕೂ ನಡುವೆ ದೊಡ್ಡ ದಾರಿ ಇದೆ. ಶ್ರವಣತಜ್ಞರು ಶುದ್ಧ ಸದ್ದಿನ ಪರೀಕ್ಷೆಯ ಜೊತೆಗೆ ಮಾತಿನ ಪರೀಕ್ಷೆಯನ್ನೂ ಮಾಡುವುದು ಇದಕ್ಕಾಗಿ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸದಲ್ಲಿ ಹೆಸರಾದದ್ದು. ಕನ್ನಡದ ಧ್ವನಿಗಳ ಪ್ರಮಾಣ ನೋಡಿ ಜೋಡಿಸಿದ ಪದಪಟ್ಟಿಗಳು ಇವತ್ತು ಇವೆ. ನನ್ನ ಆ್ಯಪ್‌ನಲ್ಲಿ ಭಾಷೆಯೇ ಇರಲಿಲ್ಲ. ನಮ್ಮ ಕಡೆಯ ಕಿವಿಗೆ ಒಂದು ಭಾಷೆಯೂ ಸಾಲದು. ದೊಡ್ಡಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಲಸದ ಜಾಗದಲ್ಲಿ ಉರ್ದು ಬೆರೆತ ಮಾತು ಆಡಿದವರು. ವ್ಯಂಜನ ಕೇಳಿಸದಿದ್ದಾಗ ಊಹೆ ಓಡಬೇಕಲ್ಲ, ಅದು ಮೊದಲು ಯಾವ ಭಾಷೆಯ ಕಡೆ ಓಡಬೇಕು ಎಂಬುದನ್ನೂ ಅವರು ತೀರ್ಮಾನಿಸಬೇಕು. ಮೂರು ಭಾಷೆಯ ಮನೆಯಲ್ಲಿ ಕೇಳದ ಕಿವಿಗೆ ಕೆಲಸ ಮೂರರಷ್ಟು.

ಮೂರನೆಯದು ಇನ್ನೂ ಸರಳ. ಕಿವಿಗೆ ತಕ್ಕಂತೆ ಹೊಂದಿಸುತ್ತೇವೆ ಎನ್ನುವ ಎಷ್ಟೋ ಇಯರ್‌ಬಡ್‌ಗಳು ಹೊಂದಿಸುವುದು ಫೋನಿನಿಂದ ಬರುವ ಹಾಡನ್ನು ಮಾತ್ರ, ಎದುರಿಗೆ ಕೂತವರ ಮಾತನ್ನಲ್ಲ. ನಾನು ಕೊಂಡದ್ದೂ ಅಂಥದ್ದೇ. ದೊಡ್ಡಮ್ಮನ ಪ್ರೊಫೈಲ್ ಹಾಕಿ ಒಂದು ಹಳೆಯ ಸಿನಿಮಾ ಹಾಡು ಕೇಳಿಸಿದಾಗ ಅವರ ಮುಖ ಅರಳಿತು. 'ತಾಳ ಐತೆ ಇದ್ರಲ್ಲಿ' ಅಂದರು. ನಿಜ, ತಾಳದ ಸದ್ದು ಹಳ್ಳದ ಆಚೆಯದು, ವರ್ಷಗಳಿಂದ ಅವರಿಗೆ ಮುಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ನಾನು ಉತ್ತರ ಹೇಳಿದೆ. ಕಿವಿಯಲ್ಲಿ ರಬ್ಬರು ತುರುಕಿಕೊಂಡಿದ್ದರಿಂದ ಅದು ಮೊದಲಿಗಿಂತಲೂ ಕಡಿಮೆ ಕೇಳಿಸಿತು. ಮಾತನ್ನೂ ಹಿಡಿದು ಹೊಂದಿಸಿಕೊಡುವ ದುಬಾರಿ ಸಾಧನಗಳಲ್ಲೂ ಒಂದು ತೊಡಕಿದೆ. ಇಯರ್‌ಬಡ್ ಹಾಕಿಕೊಂಡವರು ಕೇಳುತ್ತಿಲ್ಲ ಎಂದೇ ನಮ್ಮ ಬೀದಿ ಓದುತ್ತದೆ. ಶ್ರವಣಸಾಧನ 'ಸ್ವಲ್ಪ ನಿಧಾನ ಮಾತಾಡಿ' ಎಂದು ಎದುರಿನವರಿಗೆ ಹೇಳುತ್ತದೆ. ಇಯರ್‌ಬಡ್ 'ಆಮೇಲೆ ಬನ್ನಿ' ಎನ್ನುತ್ತದೆ. ಹೊರಗೆ ಹಾಕಿಕೊಂಡು ಕೂತ ದಿನ ಪಕ್ಕದ ಮನೆಯವರು 'ಈ ವಯಸ್ಸಲ್ಲಿ ಇದೊಂದು ಬೇರೆ' ಎಂದು ನಕ್ಕು ಹೋದರು. ದೊಡ್ಡಮ್ಮ ಮಾರನೆಯ ದಿನ ಅದನ್ನು ಮುಟ್ಟಲಿಲ್ಲ.

ಹಾಗಾದರೆ ಕೇಳುವುದನ್ನು ಹೇಗೆ ಯೋಚಿಸಬೇಕು? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಗೌರಿಬಿದನೂರಿನ ಬಳಿ 1965ರಿಂದ ಭೂಕಂಪನಮಾಪಕಗಳ ಒಂದು ಜಾಲವಿದೆ, ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಹೊಲಗದ್ದೆಗಳ ನಡುವೆ ಕಿಲೋಮೀಟರುಗಟ್ಟಲೆ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಉಪಕರಣಗಳನ್ನು ಹೂಳಲಾಗಿದೆ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ನೆಲದಡಿ ಅಣುಸ್ಫೋಟವಾದರೂ ಆ ನಡುಕವನ್ನು ಇದು ಹಿಡಿಯಬೇಕು. ಒಂದೊಂದು ಮಾಪಕಕ್ಕೂ ತನ್ನ ಸುತ್ತಲಿನ ಗದ್ದಲವಿದೆ: ಟ್ರ್ಯಾಕ್ಟರು, ಪಂಪ್‌ಸೆಟ್ಟು, ಗಾಳಿ. ಒಂದೇ ಮಾಪಕದಿಂದ ದೂರದ ನಡುಕ ಸಿಗುವುದು ಕಷ್ಟ. ಎಲ್ಲದರ ದಾಖಲೆಗಳನ್ನೂ ನಡುಕ ಬಂದ ದಿಕ್ಕಿಗೆ ತಕ್ಕಷ್ಟು ಕ್ಷಣ ಹಿಂದುಮುಂದು ಮಾಡಿ ಕೂಡಿದಾಗ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ, ನಡುಕ ಎದ್ದು ನಿಲ್ಲುತ್ತದೆ. ಎರಡು ಮೂರು ಮೈಕುಗಳಿರುವ ಇಯರ್‌ಬಡ್ ಎದುರಿನವರ ದನಿಯನ್ನು ಎತ್ತಿಕೊಳ್ಳುವ ಉಪಾಯದ ಬೇರು ಕೂಡ ಇದರಲ್ಲೇ ಇದೆ. ಉಪಾಯ ಒಂದೇ ಆದರೂ ಗೌರಿಬಿದನೂರಿನ ಕಿವಿ ತನ್ನ ಸುತ್ತಲಿನ ಗದ್ದಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಲವರು ಸೇರಿ ಕೇಳಬೇಕು ಎಂದು ಒಪ್ಪಿಕೊಳ್ಳುತ್ತದೆ. ಪ್ರೊಫೈಲ್ ಒಂಟಿ ಕಿವಿಯನ್ನು ಮಾತ್ರ ಬಲ್ಲದು.

ಮನೆಯಲ್ಲೂ ಅಷ್ಟೇ. ಮಿಕ್ಸಿ ನಿಲ್ಲಿಸಿ ಮಾತಾಡುವುದು, ಮುಖ ಕಾಣುವಂತೆ ಕೂರುವುದು, ಟಿವಿ ತಗ್ಗಿಸುವುದು, ಕೇಳಿಸಲಿಲ್ಲ ಎಂದಾಗ ಅದೇ ಮಾತನ್ನು ಕಿರುಚದೆ ಬೇರೆ ಪದದಲ್ಲಿ ಹೇಳುವುದು, ಇವೂ ಹೊಂದಿಸಿಕೊಳ್ಳುವುದೇ. ಇವನ್ನು ಮಾಡಬೇಕಾದವರು ಚೆನ್ನಾಗಿ ಕೇಳಿಸುವವರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಇ-ಹರಾಜಾಗಿ ಮೊಬೈಲಿಗೆ ಬಂದಿದೆ. ಕಿವಿ ಮಂದವಾದವರಿಗೆಂದು ಅದನ್ನು ತಂದದ್ದಲ್ಲ. ಆದರೂ ಆ ಜಾಗ ಬದಲಾದದ್ದರಿಂದ ಕಿವಿ ಮಂದವಾದ ರೀಲರಿಗೂ ಬೆಲೆ ಕಣ್ಣಿಗೆ ಕಾಣುವಂತಾಯಿತು. ಕಿವಿಯನ್ನು ಮುಟ್ಟದೆ ಕಿವುಡನ್ನು ಕಡಿಮೆ ಮಾಡಬಹುದು ಎಂಬುದಕ್ಕೆ ಇದೊಂದು ಸಾಕ್ಷಿ.

ಸಾಹಿತ್ಯದವರಾದ ನಮ್ಮ ಪಾಲೂ ಇದರಲ್ಲಿದೆ. ಕಿವಿಗೊಡು, ಕಿವಿಮಾತು ಎಂಬ ಚೆಂದದ ಪದಗಳಿರುವ ಭಾಷೆ ನಮ್ಮದು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರ ತೆಲುಗು, ಕನ್ನಡ ಪದಗಳು ಭಜನೆಯ ಗುಂಪುಗಳಲ್ಲಿ ಕಿವಿಯಿಂದ ಕಿವಿಗೆ ದಾಟಿ ಉಳಿದಿವೆ. ಆದರೆ ಕೇಳದ ಕಿವಿ ನಮ್ಮ ಬರಹದಲ್ಲಿ ಬಂದಾಗಲೆಲ್ಲ ಒಂದೋ ನಗೆಯ ಪ್ರಸಂಗ, ಇಲ್ಲವೇ ರೂಪಕ: ಕಿವುಡು ಸರ್ಕಾರ, ಕಿವುಡು ಸಮಾಜ. ನಾನೂ ಒಂದು ಸೆಮಿನಾರ್ ಪ್ರಬಂಧದಲ್ಲಿ 'ವಿಮರ್ಶೆಯ ಜಾಣಗಿವುಡು' ಎಂದು ಬರೆದು ಚಪ್ಪಾಳೆ ಪಡೆದಿದ್ದೆ. ಅಧಿಕಾರದಲ್ಲಿದ್ದವರು ಬೇಕೆಂದೇ ಕೇಳದಿರುವುದನ್ನು ಹೇಳಲು ಕೇಳಿಸದವರನ್ನು ಯಾಕೆ ಎಳೆದು ತರುತ್ತೇವೆ? ಆ ರೂಪಕ ನಡೆಯುವುದು ಕಿವುಡು ಎಂದರೆ ಹಟ ಎಂಬ ಮನೆಮನೆಯ ಆರೋಪದ ಮೇಲೆ.

ನನ್ನ ಕೆಲಸಕ್ಕೂ ಈ ಪರೀಕ್ಷೆ ಒಂದು ಪ್ರಶ್ನೆ ಹಾಕಿತು. ನನ್ನ ಎಡಗಿವಿ ಎತ್ತರದ ಸದ್ದುಗಳಲ್ಲಿ ಬಲಗಿವಿಗಿಂತ ಸ್ವಲ್ಪ ಮಂದ ಎಂದು ಗೊತ್ತಾಯಿತು. ಹೊಂದಿಸಿದ ಸದ್ದಿನಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಮತ್ತೆ ಕೇಳಿದಾಗ ತಾಳ ಮುಂದೆ ಬಂತು, ಎರಡು ಕಡೆ ನಾನು 'ಹ' ಎಂದು ಬರೆದುಕೊಂಡದ್ದು 'ಸ' ಆಗಿತ್ತು. ಅಂದರೆ ಇಷ್ಟು ದಿನ ಪಠ್ಯ ಎಂದು ನಾನು ಕರೆದದ್ದರಲ್ಲಿ ನನ್ನ ಕಿವಿಯ ಪಾಲೂ ಇತ್ತು. ಈಗ ಪ್ರೊಫೈಲ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳುತ್ತೇನೆ. ಅನುಮಾನ ಬಂದಲ್ಲಿ ಹಾಡಿದವರ ಬಳಿಗೇ ಹೋಗಿ ಕೇಳುತ್ತೇನೆ. ಹಾಗೆ ಹೋಗಿ ಕೇಳುವುದನ್ನು ಯಾವ ಆ್ಯಪ್ ಕೂಡ ನನ್ನ ಬದಲು ಮಾಡಲಾರದು.

ದೊಡ್ಡಮ್ಮನನ್ನು ಆಮೇಲೆ ಶ್ರವಣತಜ್ಞರ ಬಳಿ ಕರೆದುಕೊಂಡು ಹೋದೆವು. ನಕ್ಷೆ ನೋಡಿದವರು ಮೊದಲು ಕೇಳಿದ್ದು, 'ಏನು ಕೆಲಸ ಮಾಡ್ತಿದ್ರಿ?' ಎಂದು. ಆ್ಯಪ್ ಕೇಳದ ಆ ಒಂದೇ ಪ್ರಶ್ನೆಗೆ ದೊಡ್ಡಮ್ಮ ಕಾಲು ಗಂಟೆ ಉತ್ತರ ಕೊಟ್ಟರು. ಮಿಷಿನ್ನು, ಅದರ ಸದ್ದು, ಜೊತೆಗಿದ್ದವರ ಹೆಸರು, ಅವರಲ್ಲಿ ಈಗ ಯಾರ್ಯಾರಿಗೆ ಕೇಳಿಸುವುದಿಲ್ಲ ಎಂಬುದು, ಎಲ್ಲ ಬಂತು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಹೆಸರುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.